ಕೂಸು ಹುಟ್ಟುವ ಮುಂಚೆ ಕುಲಾವಿ

ನಮ್ಮ ಗದಗ-ಬೆಟಗೇರಿ ಕಡೆ ಅವಸರದ ಮಂದಿಯನ್ನು ಕಂಡರೆ ಹಿರಿಯರು ಒಂದು ಗಾದೆ ಹೇಳುತ್ತಿದ್ದರು: "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರಂತೆ." ಈ ಗಾದೆಯನ್ನು ಅಕ್ಷರಕ್ಕೆ ಅಕ್ಷರ ಆಚರಿಸುವ ಊರೊಂದಿದೆ, ಆ ಊರಿನಲ್ಲೇ ನಾನು ಮನೆ ಮಾಡಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು ಅಂದರೆ ನಿಮಗೆ ನಗು ಬರಬಹುದು. ಊರು ಹೈದರಾಬಾದಿನ ಮಲ್ಕಾಜ್‌ಗಿರಿ. ಕೂಸು ಅಂದರೆ ಯೇಸುಸ್ವಾಮಿ. ಕುಲಾವಿಯ ಹೆಸರು 'ಸೆಮಿ ಕ್ರಿಸ್ಮಸ್'.

ಕರ್ನಾಟಕದ ಓದುಗರಿಗೆ ಈ ಪದ ಹೊಸದಿರಬಹುದು. ತೆಲುಗು ನಾಡಿನಲ್ಲಿ ಇದು ಮನೆಮಾತು. ಡಿಸೆಂಬರ್ ಹುಟ್ಟಿತು ಅಂದರೆ ಚರ್ಚುಗಳಲ್ಲಿ, ಶಾಲೆಗಳಲ್ಲಿ, ಆಫೀಸುಗಳಲ್ಲಿ, ಕಾಲನಿಗಳಲ್ಲಿ, ಅಪಾರ್ಟ್‌ಮೆಂಟಿನ ಟೆರೇಸುಗಳಲ್ಲಿ ಒಂದಾದ ಮೇಲೊಂದು ಸೆಮಿ ಕ್ರಿಸ್ಮಸ್. ಶಾಮಿಯಾನ ಹಾಕಿ, ಸೀರಿಯಲ್ ಸೆಟ್ ದೀಪ ಇಳಿಬಿಟ್ಟು, ಕೇಕು ಕತ್ತರಿಸಿ, ಮಕ್ಕಳಿಂದ ಕುಣಿತ ಮಾಡಿಸಿ, ಸ್ಥಳೀಯ ನಾಯಕರಿಗೆ ಶಾಲು ಹೊದಿಸಿ, ಕೊನೆಗೆ ಬಿರಿಯಾನಿ ಬಡಿಸಿದರೆ ಮುಗಿಯಿತು. ಇಪ್ಪತ್ತೈದನೇ ತಾರೀಖು ಬರುವ ಹೊತ್ತಿಗೆ ಒಬ್ಬೊಬ್ಬ ಮನುಷ್ಯ ಆರೇಳು ಸಲ ಕ್ರಿಸ್ಮಸ್ ಮಾಡಿ ದಣಿದಿರುತ್ತಾನೆ.

ನಾವು ಬಂದ ಮೊದಲ ವರ್ಷ ಪಕ್ಕದ ಬೀದಿಯಿಂದ ಮೈಕಿನಲ್ಲಿ ಜನನದ ಹಾಡು ಕೇಳಿಬಂದಾಗ ನಮ್ಮಾಕಿ ಕ್ಯಾಲೆಂಡರ್ ನೋಡಿದಳು. ಡಿಸೆಂಬರ್ ನಾಲ್ಕು. "ಏನ್ರೀ ಇದು, ಇನ್ನೂ ಮೊದಲನೇ ವಾರ ಮುಗಿದಿಲ್ಲ, ಆಗಲೇ ಕೂಸು ಹುಟ್ಟಿಬಿಡ್ತಲ್ಲರೀ!" ಅಂದಳು.

ಅವಳ ಅಚ್ಚರಿಗೆ ಕಾರಣವಿತ್ತು. ನಮ್ಮದು ಬಾಸೆಲ್ ಮಿಶನ್ ಪರಂಪರೆಯ ಕುಟುಂಬ. ಜರ್ಮನಿ-ಸ್ವಿಟ್ಜರ್‌ಲೆಂಡ್ ಕಡೆಯ ಆ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ತನಕ ಚರ್ಚು, ಶಾಲೆ ಕಟ್ಟಿದರು. ನಮ್ಮ ಮನೆಗಳಲ್ಲಿ ಕ್ರಿಸ್ಮಸ್ಸಿಗೆ 'ಕ್ರಿಸ್ತ ಜಯಂತಿ' ಅಂತಲೇ ಹೆಸರು. ಅದರ ಹಿಂದಿನ ನಾಲ್ಕು ಭಾನುವಾರಗಳು ಆಗಮನ ಕಾಲ, ಅಂದರೆ ಅಡ್ವೆಂಟ್. ಆ ನಾಲ್ಕು ವಾರ ನಮ್ಮವ್ವ ಗೋಡೆಗೆ ಸುಣ್ಣ ಹಚ್ಚುವುದು, ಹಾಸಿಗೆ-ಕೌದಿ ಒಗೆದು ಹಾಕುವುದು, ಶೇಂಗಾ ಹುರಿದು ಡಬ್ಬಿ ತುಂಬುವುದು ನಡೆಸುತ್ತಿದ್ದಳು. ಅಪ್ಪ ಬಿದಿರು ಸೀಳಿ, ಬಣ್ಣದ ಹಾಳೆ ಹಚ್ಚಿ ನಕ್ಷತ್ರದ ಕಂದೀಲು ಮಾಡುತ್ತಿದ್ದ. ಕರಜಿಕಾಯಿ ಕರಿದು ಡಬ್ಬಿಯಲ್ಲಿಟ್ಟು ಡಬ್ಬಿಯನ್ನು ಅಟ್ಟಕ್ಕೆ ಏರಿಸಿದರೆ ಇಪ್ಪತ್ತೈದರ ತನಕ ಇಳಿಸುವ ಮಾತೇ ಇಲ್ಲ. ವಾಸನೆ ಮಾತ್ರ ಮನೆ ತುಂಬ ಓಡಾಡಿಕೊಂಡಿರುತ್ತಿತ್ತು. ಆಗಮನ ಕಾಲ ಅಂದರೆ ಏನು ಅಂತ ನನಗೆ ಮೊದಲು ಕಲಿಸಿದ್ದು ಪಾದ್ರಿಯಲ್ಲ, ಅಟ್ಟದ ಮೇಲಿನ ಆ ಡಬ್ಬಿ.

ದೊಡ್ಡವನಾದ ಮೇಲೆ ಇನ್ನೊಂದು ವಿಷಯ ಗಮನಕ್ಕೆ ಬಂತು. ಆಗಮನ ಕಾಲದ ಮೊದಲ ಭಾನುವಾರ ಚರ್ಚಿನಲ್ಲಿ ಓದುವ ಪಾಠಗಳಲ್ಲಿ ಕೂಸಿನ ಸುದ್ದಿಯೇ ಇರುವುದಿಲ್ಲ! ಲೋಕದ ಅಂತ್ಯ, ನ್ಯಾಯತೀರ್ಪು, ಎಚ್ಚರವಾಗಿರಿ ಎಂಬ ಮಾತು, ಕಳ್ಳ ಯಾವ ಜಾವಕ್ಕೆ ಬರುತ್ತಾನೋ ಗೊತ್ತಿಲ್ಲದ ಮನೆಯೊಡೆಯನ ಹೋಲಿಕೆ, ಇಂಥವೇ. ಮುಂದಿನ ವಾರಗಳಲ್ಲಿ ಸ್ನಾನಿಕ ಯೋಹಾನ ಬರುತ್ತಾನೆ. ಒಂಟೆಯ ಕೂದಲಿನ ಬಟ್ಟೆ, ತಿನ್ನೋದು ಮಿಡತೆ ಮತ್ತು ಕಾಡುಜೇನು, ಆಡೋದು ಬರೇ ಬೈಗುಳ. ಈ ಯೋಹಾನನ ಚಿತ್ರವಿರುವ ಕ್ರಿಸ್ಮಸ್ ಗ್ರೀಟಿಂಗ್ ಕಾರ್ಡನ್ನು ನೀವು ಯಾವತ್ತಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ಆದರೆ ಆಗಮನ ಕಾಲದ ನಿಜವಾದ ಯಜಮಾನ ಅವನೇ. ಬಂದ ದೇವರನ್ನು ನೆನೆಯುವುದು, ಬರಲಿರುವ ದೇವರಿಗೆ ಕಾಯುವುದು, ಇವೆರಡೂ ಈ ನಾಲ್ಕು ವಾರಗಳಲ್ಲಿ ಒಂದೇ ಹಗ್ಗದ ಎರಡು ಎಳೆ.

ಕ್ರಿಸ್ತ ಹುಟ್ಟಿದ ತಾರೀಖನ್ನು ಸುವಾರ್ತೆಗಳು ಹೇಳುವುದಿಲ್ಲ. ಡಿಸೆಂಬರ್ 25 ಎಂಬುದು ಕ್ರಿ.ಶ. 354ರ ಒಂದು ರೋಮನ್ ಪಂಚಾಂಗದಲ್ಲಿ ಕಾಣಸಿಗುತ್ತದೆ. ಆರನೇ ಶತಮಾನದ ಹೊತ್ತಿಗೆ ಈಗಿನ ಫ್ರಾನ್ಸ್ ಕಡೆ ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್ಮಸ್ಸಿನವರೆಗೆ ವಾರಕ್ಕೆ ಮೂರು ದಿನ ಉಪವಾಸ ಇರುತ್ತಿದ್ದರು. ಅಂದರೆ ಡಿಸೆಂಬರ್ ತಿಂಗಳು ತಿನ್ನುವ ತಿಂಗಳಾಗುವ ಮೊದಲು ಬಿಡುವ ತಿಂಗಳಾಗಿತ್ತು. ಇದು ಹಳೆಯ ಪುಸ್ತಕದ ಮಾತು ಅಂದುಕೊಳ್ಳಬೇಡಿ. ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಕೊಟ್ಟಾಯಂ ಕಡೆಯ ಸಿರಿಯನ್ ಕ್ರೈಸ್ತರ ಮನೆಯಿದೆ. ಅವರದು 'ಇಪ್ಪತ್ತೈದು ನೋಂಬು'. ಡಿಸೆಂಬರ್ ಒಂದರಿಂದ ಮೀನಿಲ್ಲ, ಮಾಂಸವಿಲ್ಲ. ಮಲಯಾಳಿಗಳ ಮನೆಯಲ್ಲಿ ಮೀನಿನ ವಾಸನೆ ಬರಲಿಲ್ಲ ಅಂದರೆ ಹಬ್ಬ ಹತ್ತಿರ ಬಂತು ಅಂತ ಲೆಕ್ಕ.

ಇನ್ನು ನಾಲ್ಕನೇ ಮಹಡಿಯಲ್ಲಿ ಗುಂಟೂರಿನ ವೈಷ್ಣವರು. ಆ ಮನೆಯ ಹಿರಿಯಾಕೆಯನ್ನು ಎಲ್ಲರೂ ಬಾಮ್ಮಗಾರು ಅಂತ ಕರೆಯುತ್ತೇವೆ, ಅಂದರೆ ಅಜ್ಜಿ. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಕೂಡಿತೆಂದರೆ ಬಾಮ್ಮಗಾರು ನಸುಕಿನ ಐದಕ್ಕೆ ಶಾಲು ಹೊದ್ದು ವೆಂಕಟೇಶ್ವರನ ಗುಡಿಗೆ ಹೊರಡುತ್ತಾರೆ. ಆಂಡಾಳಿನ ತಿರುಪ್ಪಾವೈ ಮೂವತ್ತು ಪದ್ಯ, ದಿನಕ್ಕೆ ಒಂದು. ಆ ತಿಂಗಳು ಮದುವೆ-ಮುಂಜಿ ಇಲ್ಲ. ಧನುರ್ಮಾಸದ ಹುಗ್ಗಿ ಗೊತ್ತಿರುವ ಕನ್ನಡಿಗರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದೇ ಚಳಿಗಾಲದ ನಸುಕಿನಲ್ಲಿ, ಒಂದೇ ಮೆಟ್ಟಿಲಿನ ಮನೆಗಳಲ್ಲಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಎಲ್ಲರೂ ಏನನ್ನೋ ಕಾಯುತ್ತಿರುತ್ತಾರೆ. ಮಲ್ಕಾಜ್‌ಗಿರಿಯ ವಿಶೇಷವೇ ಇದು. ರೈಲ್ವೆ, ಸೈನ್ಯ, ಬ್ಯಾಂಕು ಅಂತ ನೌಕರಿಗೆ ಬಂದವರು ತುಂಬಿದ ಈ ಊರಿನಲ್ಲಿ ನಮ್ಮ ಮೆಟ್ಟಿಲು ಹತ್ತುವಾಗಲೇ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಮಲ್ಲಿಕಾರ್ಜುನಗಿರಿಯೇ ಮಲ್ಕಾಜ್‌ಗಿರಿ ಆಯಿತು ಅಂತ ಇಲ್ಲಿಯ ಹಿರಿಯರು ಹೇಳುತ್ತಾರೆ. ಹೆಸರು ಕೂಡ ವಲಸೆ ಬಂದಂತೆ ಸವೆದುಹೋಗಿದೆ.

ಸೆಮಿ ಕ್ರಿಸ್ಮಸ್ಸಿಗೆ ಮರಳಿ ಬರುತ್ತೇನೆ. ನಾವು ಹೋಗುವ ತೆಲುಗು ಚರ್ಚಿನಲ್ಲಿಯೂ ಆಗಮನದ ಆದಿವಾರಗಳು ಉಂಟು. ವೇದಿಕೆಗೆ ನೇರಳೆ ಬಟ್ಟೆ ಹೊದಿಸುತ್ತಾರೆ, ಪಾಠ ಓದುತ್ತಾರೆ, ಅದೇ ಸಂಜೆ ಅಂಗಳದಲ್ಲಿ ಕೇಕು ಕತ್ತರಿಸುತ್ತಾರೆ. ಬೆಳಿಗ್ಗೆ ಕಾಯಿರಿ ಅಂತ ಉಪದೇಶ, ಸಂಜೆ ಬಂದಾಯಿತು ಅಂತ ಉತ್ಸವ. ಇದು ಹೇಗೆ ಅಂತ ಅಲ್ಲಿಯ ಯುವಕರ ಸಂಘದ ಹುಡುಗನನ್ನು ಕೇಳಿದೆ. "ಇಪ್ಪತ್ತೈದಕ್ಕೆ ಇಲ್ಲಿ ಯಾರಿರ್ತಾರೆ ಅಂಕಲ್? ಎಲ್ಲರೂ ಊರಿಗೆ ಹೋಗ್ತಾರೆ" ಅಂದ. ಅವನದು ಖಮ್ಮಂ ಹತ್ತಿರದ ಹಳ್ಳಿ. ಹಾಡುವವರು ನಲ್ಗೊಂಡದವರು, ಡೋಲಕ್ ಬಾರಿಸುವವನು ಮೆದಕಿನವನು. ಹಬ್ಬದ ದಿನ ಇವರೆಲ್ಲ ತಮ್ಮ ತಾಯಿ-ತಂದೆಯ ಚರ್ಚಿನಲ್ಲಿರುತ್ತಾರೆ. ದುಡಿಯುವ ಊರಿನಲ್ಲಿ ಜೊತೆಗಿರುವವರೊಡನೆ ಹಬ್ಬ ಮಾಡಬೇಕೆಂದರೆ ಹಬ್ಬಕ್ಕಿಂತ ಮುಂಚೆಯೇ ಮಾಡಬೇಕು. ಆ ದೃಷ್ಟಿಯಿಂದ ಸೆಮಿ ಕ್ರಿಸ್ಮಸ್ ಅನ್ನೋದು ಪರಊರಿನವರ ಹಬ್ಬ. ಊರು ಬಿಟ್ಟವರಿಗೆ ಇದರ ಅರ್ಥ ಆಗುತ್ತದೆ. ಹಬ್ಬ ಹಿಂದಕ್ಕೆ-ಮುಂದಕ್ಕೆ ಸರಿಯುತ್ತದೆ, ರಜೆ ಸರಿಯುವುದಿಲ್ಲ.

ಆದರೆ ಮಾರುಕಟ್ಟೆಯ ಅವಸರಕ್ಕೆ ಈ ಸಮಜಾಯಿಷಿ ಇಲ್ಲ. ಅದಕ್ಕೆ ಯಾವ ಊರಿಗೂ ಹೋಗಬೇಕಾಗಿಲ್ಲ. ದೀಪಾವಳಿ ದೀಪ ಇಳಿಸಿದ ಕೈಯಲ್ಲೇ ಅಂಗಡಿಯವರು ಪ್ಲಾಸ್ಟಿಕ್ಕಿನ ಮರ ನಿಲ್ಲಿಸುತ್ತಾರೆ. ಜರ್ಮನಿಯಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಕ್ಕಳಿಗಾಗಿ ಅಚ್ಚಾದ ಅಡ್ವೆಂಟ್ ಕ್ಯಾಲೆಂಡರ್, ದಿನಕ್ಕೊಂದು ಪುಟ್ಟ ಬಾಗಿಲು ತೆರೆದು ಚಿತ್ರ ನೋಡುವಂಥದ್ದು, ಈಗ ಚಾಕೊಲೇಟು, ಸೌಂದರ್ಯ ಸಾಧನ, ವಿಸ್ಕಿ ತುಂಬಿದ ಪೆಟ್ಟಿಗೆಯಾಗಿದೆ. ನಾಲ್ಕನೇ ಶತಮಾನದಲ್ಲಿ ಇಂದಿನ ಟರ್ಕಿಯ ಮೈರಾ ಎಂಬಲ್ಲಿ ಇದ್ದ ನಿಕೋಲಸ್ ಎಂಬ ಬಿಷಪ್, ಡಿಸೆಂಬರ್ 6ಕ್ಕೆ ಅವರ ಹಬ್ಬ, ಸಾಂತಾ ಕ್ಲಾಸ್ ಆದರು. 1931ರಿಂದ ಕೋಕಾ-ಕೋಲಾ ಜಾಹೀರಾತಿಗೆ ಹ್ಯಾಡನ್ ಸಂಡ್‌ಬ್ಲೋಮ್ ಬರೆದ ಕೆಂಪು ಅಂಗಿಯ ಚಿತ್ರಗಳ ಮೂಲಕ ಈಗಿನ ನಗುಮೊಗದ ಅಜ್ಜನಾಗಿ ಎಲ್ಲರಿಗೂ ಪರಿಚಯವಾದರು. ಇದನ್ನೆಲ್ಲ ಕಂಡು ಸಿಟ್ಟಾದವರು ಕ್ರೈಸ್ತರಲ್ಲೂ ಹಿಂದಿನಿಂದ ಇದ್ದಾರೆ. ಅಮೆರಿಕದ ಮ್ಯಾಸಚುಸೆಟ್ಸ್ ವಸಾಹತಿನ ಪ್ಯೂರಿಟನ್ನರು 1659ರಲ್ಲಿ ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಹಾಕಿದ್ದರು. 1681ರಲ್ಲಿ ಆ ಕಾನೂನು ರದ್ದಾಯಿತು. ದಂಡದಿಂದ ಭಕ್ತಿ ಹುಟ್ಟುವುದಿಲ್ಲ, ರಿಯಾಯಿತಿ ಮಾರಾಟದಿಂದಲೂ ಹುಟ್ಟುವುದಿಲ್ಲ.

ನಾನು ಎಂ.ಕಾಂ. ಓದಿ ಬ್ಯಾಂಕು ಸೇರಿದವನು. ನನಗೆ ಧರ್ಮವೂ ಲೆಕ್ಕದ ಭಾಷೆಯಲ್ಲೇ ಸಲೀಸು. 1980ರ ದಶಕದ ಕೊನೆಯವರೆಗೂ ನಮ್ಮ ಬ್ಯಾಂಕುಗಳ ವರ್ಷ ಮುಗಿಯುತ್ತಿದ್ದದ್ದು ಡಿಸೆಂಬರ್ 31ಕ್ಕೆ. ಆಮೇಲೆ ಮಾರ್ಚ್ 31 ಆಯಿತು. ನಾನು ಸೇರಿದ ಹೊಸತರಲ್ಲಿ ಡಿಸೆಂಬರ್ ಅಂದರೆ ಲೆಡ್ಜರ್ ಬ್ಯಾಲನ್ಸಿಂಗ್, ಬಡ್ಡಿ ಹಾಕುವುದು, ರಾತ್ರಿ ಹನ್ನೊಂದರ ತನಕ ಹದಿನೈದು ಪೈಸೆಯ ವ್ಯತ್ಯಾಸ ಹುಡುಕುವುದು. ಭಾನುವಾರ ಚರ್ಚಿಗೆ ಹೋದರೆ ಅಲ್ಲಿಯೂ ಯಜಮಾನ ಬಂದು ಲೆಕ್ಕ ಕೇಳುವ ಕಥೆ! ನಗು ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಮುಂದೆ 1992ರಲ್ಲಿ ರಿಸರ್ವ್ ಬ್ಯಾಂಕು ಹೊಸ ನಿಯಮ ತಂದಿತು. ವಸೂಲಾಗದ ಸಾಲದ ಬಡ್ಡಿಯನ್ನು, ಕೈಗೆ ಬರುವ ಮುಂಚೆ, ಆದಾಯ ಅಂತ ಬರೆದುಕೊಳ್ಳುವಂತಿಲ್ಲ. ಅದಕ್ಕೆ ಮೊದಲು ಬಾರದ ದುಡ್ಡನ್ನು ಬಂದಂತೆ ಬರೆದು ಲಾಭ ತೋರಿಸಿದ ಪುಸ್ತಕಗಳು ಎಷ್ಟೋ! ಮಾರುಕಟ್ಟೆಯ ಕ್ರಿಸ್ಮಸ್ ಹೀಗೆಯೇ. ಬಾರದ ಸಂತೋಷವನ್ನು ಬಂದಂತೆ ಬರೆದುಕೊಳ್ಳುತ್ತದೆ. ಆಗಮನ ಕಾಲ ಮಾತ್ರ ಬರಬೇಕಾದ್ದನ್ನು ಬರಬೇಕಾದ್ದು ಅಂತಲೇ ಪ್ರಾಮಾಣಿಕವಾಗಿ ಬರೆದಿಡುತ್ತದೆ.

ನಿವೃತ್ತ ಬ್ಯಾಂಕಿನವನು ಇದ್ದಾನೆಂದರೆ ಅಪಾರ್ಟ್‌ಮೆಂಟಿನ ಖಜಾಂಚಿಕೆ ಬೇರೆ ಯಾರಿಗೆ ಹೋಗುತ್ತದೆ? ನಮ್ಮ ಇಪ್ಪತ್ತು ಮನೆಗಳ ಸಂಘದ ಲೆಕ್ಕ ನನ್ನ ಪಾಲಿಗೆ ಬಂತು. ಗಣೇಶ ಚವಿತಿ, ಬತುಕಮ್ಮ, ದೀಪಾವಳಿಗಳಂತೆ ಕ್ರಿಸ್ಮಸ್ಸಿಗೂ ಒಂದಿಷ್ಟು ಹಣ ತೆಗೆದಿಡುತ್ತಿದ್ದೆವು. ತೆಲಂಗಾಣ ರಾಜ್ಯವಾದ ಮೇಲೆ, ಅಂದರೆ 2014ರ ಈಚೆಗೆ, ಸರಕಾರವೇ ಕ್ರಿಸ್ಮಸ್ ಔತಣ ಏರ್ಪಡಿಸಿ ಬಡವರಿಗೆ ಬಟ್ಟೆ ಹಂಚುವ ಪದ್ಧತಿ ಬಂತು. 26ನೇ ತಾರೀಖಿಗೂ ರಜೆ ಸಿಕ್ಕಿತು. ನಮ್ಮ ಕೆಳಗಿನ ಲಾಬಿಯಲ್ಲೂ ಒಂದು ಮರ, ಬಾಡಿಗೆ ವೇಷದ ಒಬ್ಬ ಸಾಂತಾ, ಮಕ್ಕಳಿಗೆ ಚಾಕೊಲೇಟು ರೂಢಿಯಾಯಿತು.

2022ರ ಡಿಸೆಂಬರ್ ಮೊದಲ ಭಾನುವಾರ ಸಂಘದ ಸಭೆ. ಎರಡನೇ ಮಹಡಿಯ ಮಲಯಾಳಿಗಳು ಈ ಸಲ ಲಾಬಿಯಲ್ಲಿ 'ಪುಲ್ಕೂಡು' ಕಟ್ಟುತ್ತೇವೆ ಅಂದರು. ಹುಲ್ಲಿನ ಗುಡಿಸಲು, ಮರಿಯಮ್ಮ, ಯೋಸೇಫ, ದನ-ಕುರಿ, ಕುರುಬರು. ನಾವು ಗೋದಲಿ ಅನ್ನುತ್ತೇವಲ್ಲ, ಅದೇ. ಖರ್ಚು ಅವರದೇ. ಒಬ್ಬ ಸದಸ್ಯರು ಮೆಲ್ಲಗೆ ಎದ್ದರು. "ಟ್ರೀ, ಸಾಂತಾ ಅಂಟೇ ಪರವಾಲೇದು ಸಾರ್, ಅದಿ ಕಲ್ಚರ್. ಇದಿ ಮತಂ ಕದಾ?" ಮರ, ಸಾಂತಾ ಅಂದರೆ ಅಡ್ಡಿಯಿಲ್ಲ, ಅದು ಸಂಸ್ಕೃತಿ, ಇದು ಧರ್ಮ ಅಲ್ಲವೇ ಅಂತ. ಅವರು ಕೆಟ್ಟ ಮನುಷ್ಯರಲ್ಲ. ನಮ್ಮಾಕಿಗೆ ಕಾಲು ಮುರಿದಾಗ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದವರು. ನಾಲ್ಕೈದು ತಲೆಗಳು ಅವರ ಮಾತಿಗೆ ಆಡಿದವು. ಮಲಯಾಳಿ ಮನೆಯವರು, "ಬೇಡ ಅಂದರೆ ಬೇಡ ಬಿಡಿ" ಅಂದು ಕುಳಿತರು.

ಆ ಪ್ರಶ್ನೆ ನನಗೆ ಸಣ್ಣದಾಗಿ ಕಾಣಲಿಲ್ಲ. ಹುಟ್ಟುಹಬ್ಬ ಎಲ್ಲರಿಗೂ ಬೇಕು, ಹುಟ್ಟಿದ ಕೂಸು ಮಾತ್ರ ಒಂದು ಮತದ್ದು ಅಂತಾದರೆ ನಮ್ಮ ಹಬ್ಬದಲ್ಲಿ ಉಳಿದದ್ದೇನು? "ಗಣಪತಿಯನ್ನು ಕೂರಿಸದೆ ಬರೇ ಬ್ಯಾಂಡು ಬಾರಿಸಿ ಲಡ್ಡು ಹಂಚಿದರೆ ಚವಿತಿ ಆಗ್ತದೇನ್ರೀ?" ಅಂತ ನಾನು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ಅಲ್ಪಸಂಖ್ಯಾತನೊಬ್ಬ ಕೇಳಿದ ಪ್ರಶ್ನೆ ಎಷ್ಟು ನಯವಾಗಿದ್ದರೂ ಸಭೆಯಲ್ಲಿ ಒಂದು ಕ್ಷಣ ಗಾಳಿ ಬಿಗಿಯಾಗುತ್ತದೆ. ಇಷ್ಟು ವರ್ಷ ಪರಸ್ಥಳದಲ್ಲಿ ಬಾಳಿದವನಿಗೆ ಆ ಬಿಗಿ ಚೆನ್ನಾಗಿ ಗೊತ್ತು. ಮಾತು ಮುಂದುವರಿಸಿದರೆ ನೆರೆಹೊರೆ ಕೆಡುತ್ತದೆ, ಬಿಟ್ಟರೆ ಮನಸ್ಸು ಕೆಡುತ್ತದೆ.

ಗಂಟು ಬಿಡಿಸಿದವರು ಬಾಮ್ಮಗಾರು. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದವರು ತಲೆ ಎತ್ತದೆ ಅಂದರು: "ಪುಟ್ಟಿನರೋಜು ಪಂಡಗ ಚೇಸ್ತೂ, ಬಿಡ್ಡನಿ ಬಯಟ ಪೆಡತಾರಾ?" ಹುಟ್ಟಿದ ದಿನದ ಹಬ್ಬ ಮಾಡುತ್ತ ಕೂಸನ್ನೇ ಹೊರಗಿಡುತ್ತಾರೇನು? ಸಭೆಯಲ್ಲಿ ನಗು ಎದ್ದಿತು. ಎದ್ದು ನಿಂತಿದ್ದ ಸದಸ್ಯರೂ ನಕ್ಕರು. ಠರಾವು ಪಾಸಾಯಿತು. ಆ ಅಜ್ಜಿ ಬೈಬಲ್ ಓದಿದವರಲ್ಲ. ಆದರೆ ಲೂಕನು ಬರೆದ ಕಥೆಯ ನಡುಬಿಂದು ಅವರ ಬಾಯಲ್ಲಿ ಬಂತು. ಅಲ್ಲಿಯೂ ಇದೇ ತಾನೇ? ಚಕ್ರವರ್ತಿ ಅಗಸ್ತನ ಜನಗಣತಿ. ಯೋಸೇಫನದು ವಾಸದ ವಿಳಾಸ ನಜರೇತು, ಕಾಯಂ ವಿಳಾಸ ಬೆತ್ಲೆಹೇಮು. ದಾಖಲೆಗಾಗಿ ತುಂಬು ಗರ್ಭಿಣಿಯನ್ನು ಕರೆದುಕೊಂಡು ಸ್ವಂತ ಊರಿಗೆ ಬಂದರೆ ಸ್ವಂತ ಊರಿನಲ್ಲೇ ತಂಗಲು ಜಾಗವಿಲ್ಲ. ಖಾತೆ ತೆರೆಯಲು ಬಂದ ವಲಸೆಗಾರರ ಫಾರಮ್ಮಿನಲ್ಲಿ ಎರಡು ವಿಳಾಸಗಳ ಖಾನೆ ತುಂಬಿಸುವಾಗ ಎಷ್ಟೋ ಸಲ ನನಗೆ ಆ ಬಡಗಿಯ ನೆನಪಾಗಿದೆ.

ಗೋದಲಿಗೆ ಸಿಕ್ಕ ಜಾಗ ಲಾಬಿಯ ನಡುವೆ ಅಲ್ಲ. ಅಲ್ಲಿ ಮರ ನಿಂತಿತ್ತು. ಮೆಟ್ಟಿಲ ಕೆಳಗೆ, ನೀರಿನ ಮೋಟಾರಿನ ಸ್ವಿಚ್ಚಿನ ಪಕ್ಕ, ವಾಚ್‌ಮನ್ ಕುಟುಂಬದ ಕೋಣೆಯ ಬಾಗಿಲಿಗೆ ತಾಗಿ ಜಾಗ ಕೊಟ್ಟರು. ಅದಕ್ಕಿಂತ ಸರಿಯಾದ ಜಾಗವನ್ನು ಯಾವ ದೇವಶಾಸ್ತ್ರಿಯೂ ಆರಿಸಲಾರ.

ಗುಡಿಸಲು ಎದ್ದಿತು, ಹುಲ್ಲು ಹಾಸಿದರು, ಗೊಂಬೆಗಳು ಬಂದವು. ಕೂಸು ಮಾತ್ರ ಇಲ್ಲ. ಮೇವಿನ ತೊಟ್ಟಿ ಖಾಲಿ. ಕೂಸನ್ನು ಇಡುವುದು ಇಪ್ಪತ್ನಾಲ್ಕರ ರಾತ್ರಿ, ಅಲ್ಲಿಯ ತನಕ ಖಾಲಿ ಇರಬೇಕು ಅಂದರು ಎರಡನೇ ಮಹಡಿಯ ಅಮ್ಮಚ್ಚಿ. ಅಪಾರ್ಟ್‌ಮೆಂಟಿನ ಮಕ್ಕಳಿಗೆ ಇದು ದೊಡ್ಡ ಸಮಸ್ಯೆಯಾಯಿತು. ಶಾಲೆಯ ವ್ಯಾನಿನಿಂದ ಇಳಿದವರೇ ಓಡಿ ಬಂದು ತೊಟ್ಟಿಯೊಳಗೆ ಇಣುಕುವುದು, "ಬೇಬಿ ಇಂಕಾ ರಾಲೇದಾ?" ಅಂತ ಕೇಳುವುದು. ಕೂಸು ಇನ್ನೂ ಬಂದಿಲ್ಲವಾ? ವಾಚ್‌ಮನ್ನನ ಮಗಳು ದಿನಾ ಒಂದು ಹಿಡಿ ಹುಲ್ಲು ಸರಿಮಾಡುತ್ತಿದ್ದಳು. ಸಾಂತಾನ ಚಾಕೊಲೇಟು ಎರಡು ನಿಮಿಷದಲ್ಲಿ ಕರಗಿತು. ಖಾಲಿ ತೊಟ್ಟಿ ಮೂರು ವಾರ ಮಕ್ಕಳನ್ನು ಹಿಡಿದು ನಿಲ್ಲಿಸಿತು.

ಆಗಮನದ ಮಾಲೆ, ಅಂದರೆ ನಾಲ್ಕು ಮೇಣದ ಬತ್ತಿಗಳ ಹಸಿರು ಚಕ್ರ, ಹುಟ್ಟಿದ್ದೂ ಹೀಗೆಯೇ. ಯೋಹಾನ್ ಹಿನ್‌ರಿಕ್ ವಿಕರ್ನ್ ಎಂಬ ಪಾದ್ರಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ. ಕ್ರಿಸ್ಮಸ್ ಯಾವಾಗ, ಯಾವಾಗ ಅಂತ ಆ ಮಕ್ಕಳು ಜೀವ ತಿನ್ನುತ್ತಿದ್ದವು. 1839ರಲ್ಲಿ ಅವನು ಒಂದು ಗಾಡಿಯ ಚಕ್ರದ ಮೇಲೆ ಭಾನುವಾರಕ್ಕೊಂದು ದೊಡ್ಡ ಬಿಳಿ ಬತ್ತಿ, ಉಳಿದ ದಿನಕ್ಕೊಂದು ಚಿಕ್ಕ ಕೆಂಪು ಬತ್ತಿ ನಿಲ್ಲಿಸಿ ದಿನಾ ಒಂದೊಂದು ಹಚ್ಚುತ್ತ ಬಂದ. ಅನಾಥ ಮಕ್ಕಳಿಗೆ ಕಾಯುವುದು ಅಂದರೆ ಬರೇ ಕೊರತೆ. ಆ ಕೊರತೆಯನ್ನೇ ಅವನು ಹೆಚ್ಚುತ್ತಾ ಹೋಗುವ ಬೆಳಕಾಗಿ ಮಾಡಿದ. ತಾಳಿದವನು ಬಾಳಿಯಾನು ಅಂತ ನಾವು ಹೇಳುತ್ತೇವೆ. ಸುಮ್ಮನೆ ತಾಳುವುದು ಬೇರೆ, ದೀಪ ಹಚ್ಚಿಕೊಂಡು ತಾಳುವುದು ಬೇರೆ.

ಇಲ್ಲಿಗೆ ಮುಗಿಸಿದ್ದರೆ ಇದೊಂದು ಸಿಹಿ ಪ್ರಸಂಗವಾಗುತ್ತಿತ್ತು. ಆದರೆ ಆ ವರ್ಷ ನಮ್ಮ ಮೂರನೇ ಮಹಡಿಯಲ್ಲಿ ದೀಪವಿರಲಿಲ್ಲ. ಅಲ್ಲಿ ತೆಲುಗು ಕ್ರೈಸ್ತರ ಮನೆ. ಪ್ರತಿ ಡಿಸೆಂಬರಿಗೆ ಟೆರೇಸಿನಲ್ಲಿ ಸೆಮಿ ಕ್ರಿಸ್ಮಸ್ ನಡೆಸುತ್ತಿದ್ದವರು ಅವರೇ. ಮಗ ಇಂಜಿನಿಯರಿಂಗ್ ಮೂರನೇ ವರ್ಷ, ಚರ್ಚಿನ ಹಾಡಿನ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ನವೆಂಬರಿನಲ್ಲಿ ಬೈಕಿನ ಅಪಘಾತದಲ್ಲಿ ಹೋಗಿಬಿಟ್ಟ. ಡಿಸೆಂಬರ್ ನಡುವಿಗೆ ಒಂದು ರಾತ್ರಿ ಹಾಡಿನ ತಂಡ ಟೆಂಪೋದಲ್ಲಿ ಜನರೇಟರ್ ಇಟ್ಟುಕೊಂಡು ಬಂತು. ಗೇಟಿನ ಹತ್ತಿರ ನಿಂತ ಹುಡುಗರು ಮೂರನೇ ಮಹಡಿಯ ಕತ್ತಲೆಯನ್ನು ನೋಡಿದರು. ಯಾರೋ ಜನರೇಟರ್ ಬಂದ್ ಮಾಡಿದರು. ಒಂದು ಚಿಕ್ಕ ಪ್ರಾರ್ಥನೆ ಮಾಡಿ, ಹಾಡದೆ ಹೊರಟುಹೋದರು. ಅವರ ಹತ್ತಿರ ಇದ್ದವೆಲ್ಲ ಸಂತೋಷದ ಹಾಡುಗಳು.

ಎರಡು ದಿನದ ಮೇಲೆ ಸಂಜೆ ನಾನು ಮೋಟಾರ್ ಹಾಕಲು ಕೆಳಗೆ ಇಳಿದಾಗ ಆ ತಾಯಿ ಗೋದಲಿಯ ಮುಂದೆ ನಿಂತಿದ್ದರು. ಕೈಯಲ್ಲಿ ಹಾಲಿನ ಪಾಕೀಟು. ನನ್ನ ಕಡೆ ತಿರುಗದೆ, "ಖಾಳೀಗಾ ಉಂದಿ ಕದಾ ಅನ್ನಯ್ಯಾ, ಮಾ ಇಲ್ಲು ಲಾಗಾ" ಅಂದರು. ಖಾಲಿ ಇದೆಯಲ್ಲ ಅಣ್ಣಾ, ನಮ್ಮ ಮನೆಯ ಹಾಗೆ. ನಾನು ಸ್ವಿಚ್ಚಿನ ಮೇಲೆ ಕೈಯಿಟ್ಟು ಹಾಗೇ ನಿಂತೆ. ನೀರು ಏರುವ ಸದ್ದು ಆ ಹೊತ್ತಿನಲ್ಲಿ ಬೇಡವಾಗಿತ್ತು. ಸ್ವಲ್ಪ ಹೊತ್ತು ನಿಂತು ಅವರು ಮೆಟ್ಟಿಲು ಹತ್ತಿದರು.

ರಾತ್ರಿ ಊಟದ ಹೊತ್ತಿಗೆ ಹೇಳಿದೆ. ನಮ್ಮಾಕಿ ಬಹಳ ಹೊತ್ತು ಸುಮ್ಮನಿದ್ದು, "ಈ ಹಬ್ಬದಾಗ ಆಕಿಗೆ ಜಾಗಾ ಎಲ್ಲೈತ್ರೀ?" ಅಂದಳು.

ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ ನನಗೆ ಆಗಮನ ಕಾಲದ ಬೆಲೆ ತಿಳಿಯುತ್ತ ಬಂತು. ಮರ, ಸಾಂತಾ, ಕೇಕಿನ ಕ್ರಿಸ್ಮಸ್ಸಿನಲ್ಲಿ ಆಕೆಗೆ ಜಾಗವಿಲ್ಲ. ಅದು ನಗುವವರ ಹಬ್ಬ. ಸೆಮಿ ಕ್ರಿಸ್ಮಸ್ಸಿನಲ್ಲಿಯೂ ಕಷ್ಟ. ಆದರೆ ಆಗಮನದ ಪಾಠಗಳು ಶುರುವಾಗುವುದೇ ಕತ್ತಲೆಯಿಂದ. ಯೆಶಾಯನ ಪುಸ್ತಕದಲ್ಲಿ ನಾವು ಓದುವ ಸಮಾಧಾನದ ಮಾತುಗಳು ಬಾಬೆಲಿನಲ್ಲಿ ಸೆರೆಯಾಗಿ, ಊರು ಕಳೆದುಕೊಂಡು, ಎಲ್ಲ ಮುಗಿಯಿತು ಅಂದುಕೊಂಡವರಿಗೆ ಹೇಳಿದವು. ಇನ್ನೂ ಒಂದು ಸಂಗತಿ. ಕ್ರಿಸ್ಮಸ್ ನಾಟಕದಲ್ಲಿ ಹೆರೋದ ರಾಜ ಮೀಸೆ ತಿರುವಿ ನಗಿಸಿ ಹೋಗುತ್ತಾನೆ. ಅವನು ಬೆತ್ಲೆಹೇಮಿನ ಹಸುಗೂಸುಗಳನ್ನು ಕೊಲ್ಲಿಸಿದ ಭಾಗವನ್ನು ನಾವು ನಾಟಕದಲ್ಲಿ ತೋರಿಸುವುದಿಲ್ಲ. ಮತ್ತಾಯ ಅದನ್ನು ಬಿಟ್ಟಿಲ್ಲ. ಹೋದ ಮಕ್ಕಳಿಗಾಗಿ ಅಳುವ, ಸಮಾಧಾನ ಒಲ್ಲೆನೆನ್ನುವ ತಾಯಿಯನ್ನು ಅವನು ಜನನದ ಕಥೆಯ ಒಳಗೇ ಕೂರಿಸಿದ್ದಾನೆ. ಡಿಸೆಂಬರ್ 28ನ್ನು ಸಭೆ ಆ ಕೂಸುಗಳ ನೆನಪಿಗೇ ಇಟ್ಟಿದೆ. ಅಂದರೆ ಮೂರನೇ ಮಹಡಿಯ ತಾಯಿ ಈ ಕಥೆಗೆ ಹೊರಗಿನವರಲ್ಲ. ನಾವು ಕಥೆಯನ್ನು ಕತ್ತರಿಸಿ ಸಣ್ಣದು ಮಾಡಿದ್ದರಿಂದ ಅವರು ಹೊರಗೆ ಬಿದ್ದಂತೆ ಕಾಣುತ್ತದೆ, ಅಷ್ಟೇ.

ನಮ್ಮಾಕಿ ಮರುದಿನದಿಂದ ಸಂಜೆ ಆರಕ್ಕೆ ಅವರ ಮನೆಗೆ ಹೋಗಿ ಕೂರತೊಡಗಿದಳು. ಇಬ್ಬರೂ ಬತ್ತಿ ಹಚ್ಚಿಕೊಂಡು ಆ ದಿನದ ಪಾಠವನ್ನು, ಆಕೆ ತೆಲುಗಿನಲ್ಲಿ, ಇವಳು ಕನ್ನಡದಲ್ಲಿ, ಒಬ್ಬರಾದ ಮೇಲೊಬ್ಬರು ಓದುತ್ತಿದ್ದರು. ಎರಡು ಲಿಪಿಗಳು ಅಕ್ಕ-ತಂಗಿಯರಿದ್ದಂತೆ, ಓದು ನಿಂತಲ್ಲಿ ಒಬ್ಬರು ಇನ್ನೊಬ್ಬರ ಪುಸ್ತಕ ನೋಡುತ್ತಿದ್ದರಂತೆ. ಹಾಡಲಿಲ್ಲ.

ಇಪ್ಪತ್ನಾಲ್ಕರ ರಾತ್ರಿ ಮಕ್ಕಳೆಲ್ಲ ಮೆಟ್ಟಿಲ ಕೆಳಗೆ ಸೇರಿದರು. ಬಾಮ್ಮಗಾರು ಕುರ್ಚಿ ಹಾಕಿಸಿಕೊಂಡು ಕುಳಿತರು. ವಾಚ್‌ಮನ್ನನ ಮಗಳ ಕೈಯಿಂದ ಅಮ್ಮಚ್ಚಿ ಕೂಸನ್ನು ತೊಟ್ಟಿಯಲ್ಲಿ ಇಡಿಸಿದರು. ಚಪ್ಪಾಳೆ ಬಿತ್ತು. ಮೂರನೇ ಮಹಡಿಯ ತಾಯಿ ಇಳಿದು ಬರಲಿಲ್ಲ. ಯಾರೂ ಒತ್ತಾಯಿಸಲೂ ಇಲ್ಲ. ಕೆಲವರ ಆಗಮನ ಕಾಲ ಡಿಸೆಂಬರ್ ಇಪ್ಪತ್ನಾಲ್ಕಕ್ಕೆ ಮುಗಿಯುವುದಿಲ್ಲ.

ಮುಂದೊಮ್ಮೆ ಅವರೇ ನಮ್ಮನ್ನು ಮೆದಕಿಗೆ ಕರೆದುಕೊಂಡು ಹೋದರು. ಮೆದಕಿನ ದೊಡ್ಡ ಚರ್ಚು ಇಲ್ಲಿಂದ ಸುಮಾರು ನೂರು ಕಿಲೋಮೀಟರ್. ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ವೆಸ್ಲಿಯನ್ ಪಾದ್ರಿ ಬರಗಾಲದಲ್ಲಿ ಹಸಿದವರಿಗೆ ಕೂಲಿ-ಕಾಳು ಕೊಟ್ಟು ಹತ್ತು ವರ್ಷ ಕಟ್ಟಿಸಿದ್ದು. ಸುಮಾರು 175 ಅಡಿ ಎತ್ತರದ ಗೋಪುರ. 1924ರ ಡಿಸೆಂಬರ್ 25ರಂದು ಪ್ರತಿಷ್ಠೆಯಾಯಿತು. ಕ್ರಿಸ್ಮಸ್ ದಿನ ಅಲ್ಲಿ ಜಾತ್ರೆ. ಹಿಂದೂಗಳು, ಮುಸ್ಲಿಮರು, ಎಲ್ಲರೂ ಬರುತ್ತಾರೆ. ನಾವು ಹೋದದ್ದು ಜನವಿಲ್ಲದ ಒಂದು ಮಧ್ಯಾಹ್ನ. ಒಳಗೆ ಬಣ್ಣದ ಗಾಜಿನ ಮೂರು ದೊಡ್ಡ ಕಿಟಕಿಗಳಿವೆ: ಯೇಸುವಿನ ಜನನ, ಶಿಲುಬೆ, ಸ್ವರ್ಗಾರೋಹಣ. ಸ್ವರ್ಗಾರೋಹಣದ ಗಾಜು ಕೂತದ್ದು 1927ರಲ್ಲಿ, ಜನನದ್ದು 1947ರಲ್ಲಿ. ಅಂದರೆ ಕ್ರಿಸ್ಮಸ್ ದಿನವೇ ಬಾಗಿಲು ತೆರೆದ ಚರ್ಚು ಕ್ರಿಸ್ಮಸ್ಸಿನ ಗಾಜಿಗಾಗಿ ಇಪ್ಪತ್ಮೂರು ವರ್ಷ ಕಾದಿತ್ತು. ನಾನು ಆ ಲೆಕ್ಕ ಹೇಳಿದಾಗ ಆ ತಾಯಿ, "ಅಲ್ಲಿಯ ತನಕ ಆ ಜಾಗದಲ್ಲಿ ಏನಿತ್ತು ಅಣ್ಣಾ?" ಅಂತ ಕೇಳಿದರು. "ಬರೇ ಬೆಳಕು ಇದ್ದಿರಬೇಕಮ್ಮಾ" ಅಂದೆ. ಅವರು ತಲೆಯ ಮೇಲೆ ಸೆರಗು ಹೊದ್ದು ಆ ಕಿಟಕಿಯ ಕೆಳಗೆ ಕುಳಿತರು.

ಈಗ ಪ್ರತಿ ವರ್ಷ ನಮ್ಮ ಮೆಟ್ಟಿಲ ಕೆಳಗೆ ಗೋದಲಿ ಏಳುತ್ತದೆ. ಸಂಘದ ಲೆಕ್ಕದಲ್ಲಿ ಕ್ರಿಸ್ಮಸ್ ಬಾಬ್ತಿನ ಕೆಳಗೆ ಮರದ ದೀಪ, ಸಾಂತಾ ವೇಷದ ಬಾಡಿಗೆ, ಕೇಕು, ಚಾಕೊಲೇಟು ಅಂತ ಸಾಲುಸಾಲು ಮೊತ್ತ ಬರೆಯುತ್ತೇನೆ. ಕೊನೆಯ ಸಾಲು: ಗೋದಲಿ. ಅದರ ಮುಂದೆ ಏನೂ ಇಲ್ಲ. ಲೆಕ್ಕ ತನಿಖೆ ಮಾಡಿದ ಹೊಸ ಹುಡುಗ, "ಖರ್ಚೇ ಇಲ್ಲದ್ದಕ್ಕೆ ಸಾಲು ಯಾಕೆ ಸಾರ್, ತೆಗೆದುಬಿಡಲಾ?" ಅಂದ.

"ಬೇಡಪ್ಪಾ, ಆ ಸಾಲು ಖಾಲಿಯೇ ಇರಲಿ" ಅಂದೆ.